ಬಾವಿಯ ಮೇಲೆ ಊರಿದ ಪಿನ್ನು

ವಯಸ್ಸಾದ ಮೇಲೆ ದೇಹದ ಒಂದೊಂದು ಕೆಲಸವನ್ನೂ ಒಂದೊಂದು ಯಂತ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವುದಕ್ಕೆ ಈಗ ಸ್ಮಾರ್ಟ್ ಆಗುವುದು ಎಂದು ಹೆಸರು. ಆ ಲೆಕ್ಕದಲ್ಲಿ ಉಮರ್ಗಾದ ನಮ್ಮ ಗಲ್ಲಿಯಲ್ಲಿ ನನ್ನಷ್ಟು ಸ್ಮಾರ್ಟ್ ಹೆಂಗಸು ಇನ್ನೊಬ್ಬಳಿಲ್ಲ. ಗುಳಿಗೆಯ ಹೊತ್ತು ನೆನಪಿಡುವ ಕೆಲಸ ಫೋನಿನೊಳಗಿನ ಒಂದು ಆ್ಯಪ್‌ಗೆ ಸೇರಿದ್ದು. ನಾನು ಎಷ್ಟು ನಡೆದೆ, ಎಷ್ಟು ಮಲಗಿದೆ, ನನ್ನ ಎದೆ ಇನ್ನೂ ಬಡಿಯುತ್ತಿದೆಯೇ ಎಂದು ನೋಡಿಕೊಳ್ಳುವ ಜವಾಬ್ದಾರಿ ಕೈಗೆ ಕಟ್ಟಿದ ವಾಚಿನದು. ಕೇಳಿಸಿಕೊಳ್ಳುವ ಕೆಲಸ ಎರಡೂ ಕಿವಿಗಳ ಹಿಂದೆ ಅವರೆಕಾಳಿನಂತೆ ಕೂತ ಮಷೀನುಗಳದು. ನನಗೆಂದು ಉಳಿದಿರುವುದು ಇವಕ್ಕೆಲ್ಲ ಹೊತ್ತುಹೊತ್ತಿಗೆ ಚಾರ್ಜ್ ಮಾಡುವುದು. ಮೊದಲು ಎಮ್ಮೆಗಳಿಗೆ ಮೇವು ಹಾಕುತ್ತಿದ್ದೆ, ಈಗ ಇವಕ್ಕೆ ಕರೆಂಟ್ ಹಾಕುತ್ತೇನೆ. ಎಮ್ಮೆ ಹಾಲಾದರೂ ಕೊಡುತ್ತಿತ್ತು.

ಇದೆಲ್ಲ ನನ್ನ ಸೊಸೆ ಸುವರ್ಣಾಳ ಕೃಪೆ. ನಿಲಂಗಾದ ಹುಡುಗಿ, ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಕಲಿಸುತ್ತಾಳೆ, ಆದ್ದರಿಂದ ಮನೆಯಲ್ಲೂ ಪ್ರಯೋಗ ಮಾಡುತ್ತಾಳೆ. ಅವಳ ಫೋನು ಮರಾಠಿಯಲ್ಲಿ ಮಾತಾಡುತ್ತದೆ, ನನ್ನದು ಇಂಗ್ಲಿಷಿನಲ್ಲಿ, ನಾವಿಬ್ಬರೂ ಮಾತ್ರ ಕನ್ನಡದಲ್ಲಿ ಜಗಳಾಡುತ್ತೇವೆ. ಅವಳ ಕೈಯಲ್ಲೂ ಒಂದು ವಾಚಿದೆ. ಅದು ಅವಳು ರೊಟ್ಟಿ ಬಡಿಯುವುದನ್ನು ನಡಿಗೆ ಎಂದೇ ತಿಳಿಯುತ್ತದೆ. ಮನೆಗೆ ನೆಂಟರು ಬಂದ ದಿನ ಅವಳು ಅಡಿಗೆಮನೆಯಿಂದ ಕದಲದೆಯೇ ನಿಲಂಗಾ ಮುಟ್ಟಿ ಬಂದಿರುತ್ತಾಳೆ, ಮೇಲೆ ವಾಚಿನಿಂದ ಶಾಬಾಸ್‌ಗಿರಿ ಬೇರೆ. ನಾನು ಇಡೀ ಜನ್ಮ ಬಡಿದ ರೊಟ್ಟಿಗಳನ್ನು ಆ ವಾಚು ಎಣಿಸಿದ್ದರೆ ನಾನು ಎಲ್ಲಿಗೆ ಹೋಗಿ ಮುಟ್ಟಿರುತ್ತಿದ್ದೆನೋ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಎಲ್ಲಿಗೆ ಅಂದುಕೊಂಡರೂ ಅದು ಉಮರ್ಗಾದಿಂದ ಬಹಳ ದೂರವೇ ಇರುತ್ತದೆ.

ನನ್ನನ್ನು ಓದಿಸಿದವರು ಸೋಲಾಪುರದ ಕಾನ್ವೆಂಟ್ ಸಿಸ್ಟರುಗಳು. ಬೆನ್ನು ನೆಟ್ಟಗಿಟ್ಟು ಕೂರುವುದನ್ನು, ಉಂಡ ಮನೆಗೆ ಥ್ಯಾಂಕ್ ಯೂ ಬರೆಯುವುದನ್ನು, ಮಾತು ಕೇಳಿಸದಿದ್ದರೆ ಹಳ್ಳಿಯವರಂತೆ ಹಾಂ ಎನ್ನದೆ 'ಐ ಬೆಗ್ ಯುವರ್ ಪಾರ್ಡನ್' ಎನ್ನುವುದನ್ನು ಅವರು ಕಲಿಸಿದರು. ಕಿವಿ ಮಂದವಾದ ಮೇಲೆ ನಾನು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಅನ್ನುತ್ತಿದ್ದೆ. ಹಾಲಿನವನಿಗೆ, ಮೊಮ್ಮಗಳಿಗೆ, ಟಿವಿಗೆ ಸಹ. ಮುದುಕಿ ಯಾವುದೋ ದೊಡ್ಡ ಪಾಪ ಮಾಡಿ ಕಂಡವರ ಹತ್ತಿರವೆಲ್ಲ ಕ್ಷಮೆ ಬೇಡುತ್ತಿದ್ದಾಳೆ ಎಂದು ಮನೆಯವರಿಗೇ ಅನ್ನಿಸತೊಡಗಿತು. ಆಗ ಈ ಮಷೀನುಗಳು ಬಂದವು. ಅವುಗಳ ಆ್ಯಪ್ ಫೋನಿನಲ್ಲಿದೆ. ಬೆರಳು ಮೇಲಕ್ಕೆ ಸರಿಸಿದರೆ ಜಗತ್ತು ದೊಡ್ಡದಾಗಿ ಕೇಳುತ್ತದೆ, ಕೆಳಕ್ಕೆ ಸರಿಸಿದರೆ ಸಣ್ಣದಾಗುತ್ತದೆ, ಪೂರಾ ಕೆಳಕ್ಕೆ ಎಳೆದರೆ ಜಗತ್ತೇ ಇಲ್ಲ. ದೇವರು ಕಣ್ಣಿಗೆ ರೆಪ್ಪೆ ಕೊಟ್ಟು ಕಿವಿಗೆ ಕೊಡಲು ಮರೆತಿದ್ದ, ಆ ಮರೆವನ್ನು ಈ ಆ್ಯಪ್ ತಿದ್ದಿತು. ಫೋನ್ ಬಂದರೂ ಹೊರಗೆ ರಿಂಗಾಗದೆ ನೇರ ಕಿವಿಯೊಳಗೇ ಮೊಳಗುವಂತೆ ಸುವರ್ಣಾ ಸೆಟ್ಟಿಂಗ್ ಮಾಡಿಕೊಟ್ಟಿದ್ದಾಳೆ. ನಾನು ಅತ್ಯಂತ ಹೆಚ್ಚು ಬಳಸುವುದು ಪೂರಾ ಕೆಳಕ್ಕೆ ಎಳೆಯುವ ಸೌಲಭ್ಯವನ್ನು. ಯಾರಾದರೂ ತಮ್ಮ ಮೊಣಕಾಲಿನ ಆಪರೇಷನ್ನಿನ ಕಥೆ ಶುರುಮಾಡಿದರೆ ಸಾಕು, ಹೊತ್ತು ನೋಡುವವಳಂತೆ ಫೋನು ತೆಗೆಯುತ್ತೇನೆ. ಮುಖದ ಮೇಲೆ ಕಾನ್ವೆಂಟಿನ ಸ್ಮೈಲ್ ಇಟ್ಟುಕೊಂಡು ಆಮೇಲೆ ಎಷ್ಟು ಹೊತ್ತು ಬೇಕಾದರೂ ಕೂರಬಲ್ಲೆ. ನನ್ನಷ್ಟು ಸಮಾಧಾನದಿಂದ ಕೇಳುವವರು ಇನ್ನಾರೂ ಇಲ್ಲವೆಂದು ಬಂಧುಬಳಗದಲ್ಲಿ ನನಗೆ ಒಳ್ಳೆಯ ಹೆಸರಿದೆ.

ಈಗ ನಲಿನಿಯ ವಿಷಯ ಹೇಳಬೇಕು. ಕಾನ್ವೆಂಟಿನ ಡಾರ್ಮಿಟರಿಯಲ್ಲಿ ನನ್ನ ಪಕ್ಕದ ಮಂಚ ಅವಳದು. ಅವಳನ್ನು ಉದಗೀರಿಗೆ ಕೊಟ್ಟರು, ನನ್ನನ್ನು ಉಮರ್ಗಾಕ್ಕೆ. ನಡುವೆ ನಿಲಂಗಾದಲ್ಲಿ ಒಮ್ಮೆ ಇಳಿದು ಬಸ್ಸು ಬದಲಿಸಿದರೆ ಆಯಿತು, ಅಷ್ಟೇ ದೂರ. ಅಷ್ಟೇ ದೂರವಾದ್ದರಿಂದ ಯಾವಾಗ ಬೇಕಾದರೂ ಹೋಗಬಹುದೆಂದುಕೊಂಡು ನಾವು ಹೋಗಲೇ ಇಲ್ಲ. ಯಾರದೋ ಮದುವೆಯ ಮಂಟಪದಲ್ಲಿ ಅಕ್ಷತೆ ಹಿಡಿದು ನಿಂತಾಗ ಭೇಟಿ, 'ಈ ಸಲ ನಮ್ಮ ಹೊಲಕ್ಕ ಎಳ್ಳಮಾಸಿಗೆ ಬಾ' ಎಂದು ನಾನು ಕರೆಯುವುದು, 'ಬರ್ತೀನಿ' ಎಂದು ಅವಳು ಅನ್ನುವುದು. ಹೀಗೇ ನಮ್ಮ ಕೂದಲು ಬೆಳ್ಳಗಾದವು. ಹೋದ ವರ್ಷ ಅವಳ ಗಂಡ ತೀರಿಕೊಂಡರು. ಮಗಳು ತಾಯಿಯನ್ನು ಜಮ್‌ಶೆಡ್‌ಪುರಕ್ಕೆ ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಎಳ್ಳಮಾವಾಸ್ಯೆಯ ಮರುದಿನ ಬೆಳಗಿನ ರೈಲು. "ಶಾಲೂ, ಬಿಫೋರ್ ಐ ಗೋ, ನಿನ್ನ ಹೊಲದಾಗ ಕೂತು ಒಂದ್ ಸಲ ಭಜ್ಜಿ ಉಂಡು ಹೋಗ್ತೀನಿ" ಎಂದು ಫೋನು ಮಾಡಿದಳು. ಇನ್ನೊಂದು ಸಲ ಎಂಬುದು ಇರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳ ಮೊಣಕಾಲು ಜಮ್‌ಶೆಡ್‌ಪುರದಿಂದ ಇಲ್ಲಿಗೆ ಬರುವಂಥದ್ದಲ್ಲ, ನನ್ನದು ಅಲ್ಲಿಗೆ ಹೋಗುವಂಥದ್ದಲ್ಲ. ಇಬ್ಬರೂ ಅದನ್ನು ಬಾಯಿಬಿಟ್ಟು ಅನ್ನಲಿಲ್ಲ. ಸಿಸ್ಟರುಗಳು ಅಂಥದ್ದನ್ನು ಕಲಿಸಿರಲಿಲ್ಲ.

ಎಳ್ಳಮಾವಾಸ್ಯೆ ಎಂದರೆ ನಮ್ಮ ಸೀಮೆಯಲ್ಲಿ ಊರು ಖಾಲಿಯಾಗುವ ದಿನ. ಅಂಗಡಿಗಳ ಬಾಗಿಲು ಹಾಕಿರುತ್ತವೆ. ಬೀದಿಯಲ್ಲಿ ನಾಯಿಗಳು ಮನುಷ್ಯರು ಎಲ್ಲಿ ಹೋದರೆಂದು ನೋಡುತ್ತ ನಿಂತಿರುತ್ತವೆ. ಎಲ್ಲರೂ ಹೊಲದಲ್ಲಿ. ಜೋಳದ ದಂಟು ನಿಲ್ಲಿಸಿ ಕಟ್ಟಿದ ಚಿಕ್ಕ ಗುಡಿಸಲು, ಒಳಗೆ ಸುಣ್ಣ ಬಳಿದ ಐದು ಕಲ್ಲು, ಪೂಜೆ, ನೈವೇದ್ಯದ ಅಡಿಗೆಯನ್ನು ಹೊಲದ ಸುತ್ತ ಕೂಗುತ್ತ ಚರಗ ಚೆಲ್ಲುವುದು, ಆಮೇಲೆ ಊಟ. ಸಿಕ್ಕ ಎಲ್ಲ ಹಸಿ ಕಾಳು, ಸೊಪ್ಪು, ತರಕಾರಿ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ಹುಳಿಗೆ ಬಂದ ಅಂಬಲಿ. ಆ ದಿನ ಬದುವಿನ ಮೇಲೆ ಹಾದುಹೋಗುವವರನ್ನು ಯಾರೇ ಇರಲಿ ಕೂಗಿ ಕರೆಯಬೇಕು. ಕರೆದರೆ ಬಂದು ಉಣ್ಣಬೇಕು. ಬಂದವರನ್ನು ನೀವ್ಯಾರು, ನಿಮ್ಮನ್ನು ಇಲ್ಲಿಗೆ ಕರೆದವರಾರು ಎಂದು ಕೇಳುವುದು ಬಲು ಕೀಳು. ಹೊಲದೊಳಗೆ ಕಾಲಿಟ್ಟವರು ಉಣ್ಣದೆ ಆಚೆ ಹೋದರೆ ಆ ಹೊಲದ ಹೆಂಗಸಿನ ಮುಖಕ್ಕೆ ಹೊಡೆದಂತೆ.

ದಾರಿ ಹೇಳುವುದು ಹೇಗೆಂಬ ಪ್ರಶ್ನೆ ಬಂತು. ಉಮರ್ಗಾದಿಂದ ಯೆಣೆಗೂರಿನ ಕಡೆಗೆ ಹೈವೇಯಲ್ಲಿ ಹೋಗಿ, ಒಂದು ಢಾಬಾ ದಾಟಿ ಕಚ್ಚಾ ರಸ್ತೆಗೆ ಇಳಿಯಬೇಕು ಎಂದು ನಾನು ಶುರುಮಾಡಿದೆ. ಆ ದಾರಿಯಲ್ಲಿ ಢಾಬಾಗಳು ಎಷ್ಟಿವೆಯೋ ಯಾರಿಗೆ ಗೊತ್ತು. "ಜಸ್ಟ್ ಡ್ರಾಪ್ ಅ ಪಿನ್, ಶಾಲೂ" ಎಂದಳು ನಲಿನಿ. ನಾನು ಹಾಕ್ತೀನಿ ಕೊಡ್ರಿ ಅತ್ತಿ ಎಂದು ಸುವರ್ಣಾ ಕೈಚಾಚಿದಳು. ಕೊಡಲಿಲ್ಲ. ನನ್ನ ಗೆಳತಿ, ನನ್ನ ಹೊಲ, ನನ್ನ ಬೆರಳು. ಮ್ಯಾಪಿನಲ್ಲಿ ಮೇಲಿನಿಂದ ತೆಗೆದ ಫೋಟೋ ನೋಡಿದೆ. ಹೊಲಗಳೆಲ್ಲ ಕೌದಿಯ ತುಂಡುಗಳ ಹಾಗೆ ಒಂದಕ್ಕೊಂದು ಹೊಲಿದುಕೊಂಡು ಮಲಗಿದ್ದವು. ಎಲ್ಲ ಒಂದೇ ಬಣ್ಣ, ಎಲ್ಲಿ ಯಾರದು ತಿಳಿಯುವುದಿಲ್ಲ. ಹುಡುಕುತ್ತ ಹುಡುಕುತ್ತ ನಮ್ಮ ಬಾವಿ ಸಿಕ್ಕಿತು. ಅಂಗಿಯ ಗುಂಡಿಯಂತೆ ದುಂಡಗೆ, ಕಪ್ಪಗೆ. ಮದುವೆಯಾಗಿ ಬಂದ ವರ್ಷದಿಂದ ನಾವು ಎಳ್ಳಮಾವಾಸ್ಯೆಯ ಗುಡಿಸಲು ಹಾಕುತ್ತಿದ್ದದ್ದು ಆ ಬಾವಿಯ ಪಕ್ಕದಲ್ಲೇ. ಬೆರಳನ್ನು ಅದರ ಮೇಲೆ ಒತ್ತಿದೆ, ಕೆಂಪು ಪಿನ್ನು ನಿಂತಿತು, ಕಳಿಸಿದೆ. ಇಡೀ ದಿನ ಮನೆಯಲ್ಲಿ ಸ್ವಲ್ಪ ಎದೆಯೆತ್ತಿಯೇ ಓಡಾಡಿದೆ.

ಆ ಬಾವಿ ಈಗ ನಮ್ಮದಲ್ಲ. ಪಾಲಾಗುವಾಗ ಅದು ನನ್ನ ಗಂಡನ ಅಣ್ಣನಿಗೆ ಹೋಯಿತು, ರಸ್ತೆಯ ಕಡೆಯ ನೆಲ ನಮಗೆ ಬಂತು. ಆಗ ಅಣ್ಣತಮ್ಮಂದಿರಲ್ಲಿ ಆದ ಮಾತಿಗೆ ಮಾತು ಇನ್ನೂ ಮುಗಿದಿಲ್ಲ. ಅವರಿಬ್ಬರೂ ತೀರಿಹೋದರು. ಸಾತ್-ಬಾರಾ ಎಂಬ ಪಹಣಿಯಲ್ಲಿ ಹೊಲಕ್ಕೆ ವಾರಸುದಾರರ ಹೆಸರು ಏರುತ್ತದಲ್ಲ, ಹಾಗೆ ಜಗಳಕ್ಕೆ ನನ್ನ ಮತ್ತು ನನ್ನ ನೆಗೆಣ್ಣಿ ಕಾಶಕ್ಕನ ಹೆಸರು ಏರಿತು. ಹೊಲವನ್ನಾದರೂ ನಾವು ಒಂದೊಂದು ವರ್ಷ ಬೀಳು ಬಿಟ್ಟಿದ್ದುಂಟು, ಜಗಳವನ್ನು ಬಿಟ್ಟಿಲ್ಲ. ನಡುವೆ ಇರುವುದು ಒಂದೇ ಬದು. ಆಚೆ ಅವರ ಗುಡಿಸಲು, ಈಚೆ ನಮ್ಮದು. ಅವರ ಒಗ್ಗರಣೆಯ ಘಾಟಿಗೆ ನಾನು ಸೀನುತ್ತೇನೆ, ನಮ್ಮ ಹೊಗೆಗೆ ಕಾಶಕ್ಕ ಕಣ್ಣು ಒರೆಸಿಕೊಳ್ಳುತ್ತಾಳೆ. ಮಾತು ಮಾತ್ರ ಇಲ್ಲ. ಇಷ್ಟು ಓದಿದ ನಿಮಗೆ ಮುಂದೆ ಆಗುವುದೆಲ್ಲ ಈಗಲೇ ಗೊತ್ತಾಗಿರುತ್ತದೆ. ನನಗೆ ಆ ದಿನ ಸಂಜೆಯಾಗುವವರೆಗೆ ಗೊತ್ತಾಗಲಿಲ್ಲ.

ಎಳ್ಳಮಾವಾಸ್ಯೆಯ ದಿನ ಪೂಜೆ ಮುಗಿದ ಮೇಲೆ ಮಗ ಸೊಸೆ ಬೇಗ ಉಂಡು, ಲೋಹಾರಾದ ಕಡೆ ಸುವರ್ಣಾಳ ಜೊತೆಯ ಟೀಚರೊಬ್ಬರ ಹೊಲಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋದರು. ನಾನು ಉಳಿದೆ. ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸಿದ್ದ ಮಾಳವ್ವ ಜೊತೆಗಿದ್ದಳು. ಬೀರಪ್ಪನ ಭಂಡಾರ ಹಣೆತುಂಬ ಹಚ್ಚಿಕೊಂಡು, ಅಂಬಲಿ ಕುಡಿಯುತ್ತ, ತನ್ನ ಪಾಡಿಗೆ ತಾನು. ನಾನು ನಲಿನಿಗೆಂದು ಭಜ್ಜಿಯನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು, ಹೊಸ ಕಂಬಳಿ ಹಾಸಿ, ಫೋನು ಹಿಡಿದು ಕೂತೆ. ಲೈವ್ ಲೊಕೇಷನ್ ಎಂಬ ಒಂದು ಆಟವಿದೆಯಲ್ಲ, ಅದಕ್ಕಿಂತ ಸುಂದರವಾದದ್ದನ್ನು ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಒಂದು ನೀಲಿ ಚುಕ್ಕಿ. ಆ ಚುಕ್ಕಿ ನನ್ನ ನಲಿನಿ. ಉದಗೀರು ಬಿಟ್ಟು ವಲಾಂಡಿ ದಾಟಿತು, ನಿಲಂಗಾದಲ್ಲಿ ಸ್ವಲ್ಪ ನಿಂತಿತು, ಚಹಾ ಕುಡಿದಿರಬೇಕು, ಮತ್ತೆ ಹೊರಟಿತು. ಉಮರ್ಗಾಕ್ಕೆ ಬಂದಾಗ ನನಗೆ ಕೂರಲಾಗಲಿಲ್ಲ, ಎದ್ದು ಸೆರಗು ಸರಿಮಾಡಿಕೊಂಡು ಕೂತೆ. ಚುಕ್ಕಿ ಹೈವೇ ಬಿಟ್ಟಿತು, ಕಚ್ಚಾ ರಸ್ತೆಗೆ ಇಳಿಯಿತು, ನಿಂತಿತು. ಅವಳು ಮುಟ್ಟಿದಳು ಎಂದಿತು ಫೋನು. ತಲೆಯೆತ್ತಿ ನೋಡಿದೆ. ನಮ್ಮ ಹೊಲದಲ್ಲಿ ನಾನು, ಮಾಳವ್ವ, ಕುರಿಗಳು.

ಈ ಯಂತ್ರಗಳ ಹಣೆಬರಹವೇ ಇಷ್ಟು ಎಂದುಕೊಂಡೆ. ಮನುಷ್ಯ ಬರದೆಯೇ ಬಂದ ಎನ್ನುತ್ತವೆ. ಆಚೆ ಬಾವಿಯ ಹತ್ತಿರ ಒಂದು ಬಿಳಿ ಕಾರು ಬಂದು ನಿಂತಿತ್ತು. ತಲೆಗೆ ಹ್ಯಾಟು, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ, ಕೈಯಲ್ಲಿ ಕೋಲು ಹಿಡಿದ ಯಾರೋ ಮುದುಕಿ ಮೆಲ್ಲಗೆ ಇಳಿದಳು. ಕಾಶಕ್ಕನ ಬಳಗಕ್ಕೆ ಈಗ ಹ್ಯಾಟಿನವರೂ ಸೇರಿದರಲ್ಲ, ಲಾತೂರಿನ ಯಾವ ದೊಡ್ಡ ಡಾಕ್ಟರನ ತಾಯಿಯೋ ಏನೋ ಎಂದು ಮೂಗು ಮುರಿದೆ. ನನ್ನ ಕಣ್ಣಿಗೆ ಇನ್ನೂ ಯಾವ ಆ್ಯಪೂ ಇಲ್ಲ ನೋಡಿ. ಮೇಲಾಗಿ ನಾನು ಕಾಯುತ್ತಿದ್ದದ್ದು ಎರಡು ಜಡೆಗೆ ನೀಲಿ ರಿಬ್ಬನ್ ಕಟ್ಟಿದ ಹುಡುಗಿಯನ್ನು.

ಸ್ವಲ್ಪ ಹೊತ್ತಿಗೆ ಕಾಶಕ್ಕ ಬದುವಿನ ಮೇಲೆ ಬಂದು ನಿಂತಳು. ಇಷ್ಟು ವರ್ಷಗಳಲ್ಲಿ ಬದುವಿನ ಹತ್ತಿರ ಬಂದದ್ದು ಅದೇ ಮೊದಲು. ಕೈಯೆತ್ತಿ, ನನ್ನ ಕಡೆಗೇ ನೋಡಿ, ಏನೋ ಕೂಗಿದಳು. ನನಗೆ ಅನ್ನಿಸಿದ್ದು ಇಷ್ಟು: ದೊಡ್ಡ ಮನುಷ್ಯರು ಬಂದಿದ್ದಾರೆ, ಅವರ ಎದುರಿಗೆ ತನ್ನ ಧಾರಾಳತನ ತೋರಿಸುವುದಕ್ಕೆ, ದಾರಿಹೋಕರನ್ನು ಕರೆಯುವ ಹಾಗೆ ನನ್ನನ್ನು ಊಟಕ್ಕೆ ಕರೆಯುತ್ತಿದ್ದಾಳೆ. ನನ್ನ ಗಂಡ ಬೆವರು ಸುರಿಸಿ ತೋಡಿಸಿದ ಬಾವಿಯ ಹತ್ತಿರಕ್ಕೆ ನನ್ನನ್ನು ದಾರಿಹೋಕಳಂತೆ. ಮೈಯೆಲ್ಲ ಉರಿಯಿತು. ಆದರೆ ಕಾನ್ವೆಂಟಿನಲ್ಲಿ ಓದಿದವಳು ಹೊಲದಲ್ಲಿ ನಿಂತು ಕೂಗಾಡಲಾರಳು. ಫೋನು ತೆಗೆದೆ, ಬೆರಳಿಟ್ಟೆ, ಪೂರಾ ಕೆಳಕ್ಕೆ ಎಳೆದೆ. ಆಮೇಲೆ ಕಾಶಕ್ಕನ ಕಡೆಗೆ ಬೆನ್ನು ತಿರುಗಿಸಿ, ಸಿಸ್ಟರುಗಳು ಕಲಿಸಿದಂತೆ ಅದನ್ನು ನೆಟ್ಟಗಿಟ್ಟು ಕೂತೆ.

ಎಂಥ ಶಾಂತಿ ಅಂತೀರಿ. ಮಾಳವ್ವ ಆಚೆಗೆ ಬೆರಳು ತೋರಿಸುತ್ತ ಏನೋ ಅಂದಳು, ನಾನು ಗಂಭೀರವಾಗಿ ತಲೆಯಾಡಿಸಿದೆ. ಮತ್ತೆ ಅಂದಳು, ಮತ್ತೆ ಆಡಿಸಿದೆ. ಅವಳು ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ ಕುರಿಗಳ ಕಡೆ ಹೋದಳು. 'ನಿಮ್ಮ ಗೆಳತಿ ಬಂದಾರಂತ ಕರೀಲಿಕತ್ತಾರ' ಎಂದು ಹೇಳುತ್ತಿದ್ದಳೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಕೈಯಲ್ಲಿನ ವಾಚು ನಡುಗತೊಡಗಿತು. ಅದರದು ದಿನವೂ ಇದೇ ಕಾಟ. ಬಹಳ ಹೊತ್ತು ಕೂತಿದ್ದೀರಿ ಏಳಿ, ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ ಎಂದು ಮಣಿಕಟ್ಟನ್ನು ಚಿವುಟುತ್ತಲೇ ಇರುತ್ತದೆ. ಇವತ್ತು ಯಾರ ಸಲುವಾಗಿಯೂ ಏಳುವವಳಲ್ಲ ನಾನು ಎಂದು ನೋಡದೆಯೇ ಅದರ ಬಾಯಿ ಒತ್ತಿ ಸುಮ್ಮನಾಗಿಸಿದೆ. ಮತ್ತೆ ನಡುಗಿತು, ಮತ್ತೆ ಒತ್ತಿದೆ. ನಲಿನಿ ಬಾವಿಯ ದಂಡೆಯ ಮೇಲೆ ಕೂತು ನನಗೆ ಫೋನು ಮಾಡುತ್ತಿದ್ದಳು. ಮೊಳಗಿದ್ದು ನಾನು ಬಾಗಿಲು ಹಾಕಿದ ಕಿವಿಯೊಳಗೆ, ಫೋನು ಕಂಬಳಿಯ ಮೇಲೆ ಬೋರಲಾಗಿ ಬಿದ್ದಿತ್ತು.

ಬಿಸಿಲು ಇಳಿಯುವವರೆಗೆ ಕಾದೆ, ದಾರಿ ತಪ್ಪಿದವಳೇ ಮಾಡಲಿ ಎಂದು ನಾನಾಗಿ ಫೋನು ಮಾಡಲಿಲ್ಲ. ಚುಕ್ಕಿ ಅಲ್ಲೇ ನಿಂತಿತ್ತು, ನೆಟ್‌ವರ್ಕ್ ಇಲ್ಲದೆ ಸಿಕ್ಕಿಕೊಂಡಿರಬೇಕೆಂದು ನಾನು ಫೋನನ್ನು ಎರಡು ಸಲ ತೊಡೆಗೆ ಬಡಿದೆ. ಆಮೇಲೆ ಚುಕ್ಕಿ ತಿರುಗಿ ಉಮರ್ಗಾದ ಕಡೆ ಹೊರಟಿತು, ಅಲ್ಲಿಂದ ನಿಲಂಗಾದ ರಸ್ತೆ ಹಿಡಿಯಿತು. ದಾರಿ ಸಿಗದೆ ಬೇಸತ್ತು ವಾಪಸು ಹೋದಳು, ಒಂದು ಮಾತನ್ನೂ ಹೇಳದೆ ಹೋದಳು, ಇಷ್ಟೇ ನಮ್ಮ ಸ್ನೇಹ ಎಂದುಕೊಂಡೆ. ತೆಗೆದಿಟ್ಟ ಭಜ್ಜಿಯ ಮೇಲೆ ಕೆನೆ ಕಟ್ಟಿತ್ತು. ಅದನ್ನು ಮಾಳವ್ವನ ಪಾತ್ರೆಗೆ ಬಗ್ಗಿಸಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ನಲಿನಿಗೆ ಇಂಗ್ಲಿಷಿನಲ್ಲಿ ಒಂದು ತಣ್ಣನೆಯ ಪತ್ರ ಬರೆಯುತ್ತ ಬಂದೆ. 'ಮೈ ಡಿಯರ್ ನಲಿನಿ, ಐ ಕ್ವೈಟ್ ಅಂಡರ್‌ಸ್ಟ್ಯಾಂಡ್' ಎಂದು ಶುರುವಾಗುವಂಥದ್ದು. ಏನೂ ಅರ್ಥವಾಗದಿದ್ದಾಗಲೇ ನಾನು ಈ ವಾಕ್ಯ ಬಳಸುವುದು.

ಮನೆಯಲ್ಲಿ ಸುವರ್ಣಾ ದೀಪ ಹಚ್ಚುವ ಹೊತ್ತಿಗೆ ಫೋನಿಗೆ ಫೋಟೋಗಳು ಬರತೊಡಗಿದವು. ಬಾವಿ. ಜೋಳದ ದಂಟಿನ ಗುಡಿಸಲು. ಅದರ ಮುಂದೆ ಹ್ಯಾಟು ತೆಗೆದಿಟ್ಟು, ಬಾಯಿತುಂಬ ರೊಟ್ಟಿ ತುಂಬಿಕೊಂಡು ನಗುತ್ತಿರುವ ನಲಿನಿ. ಅವಳ ತಟ್ಟೆಗೆ ಇನ್ನೊಂದು ಸೌಟು ಭಜ್ಜಿ ಬಗ್ಗಿಸುತ್ತಿರುವ ಬಂಗಾರದ ಬಳೆಗಳ ಕೈ. ಆ ಬಳೆಗಳು ಯಾರವೆಂದು ನನಗೆ ಗೊತ್ತಿತ್ತು, ನಮ್ಮಿಬ್ಬರಿಗೂ ಒಂದೇ ಥರದವನ್ನು ಅತ್ತೆಯವರು ಮಾಡಿಸಿಕೊಟ್ಟಿದ್ದರು. ಒಂದು ಫೋಟೋದಲ್ಲಿ, ದೂರದಲ್ಲಿ, ಬದುವಿನ ಆಚೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ ಯಾರೋ ಹೆಂಗಸೂ ಸಣ್ಣಗೆ ಬಿದ್ದಿದ್ದಳು. ಸುವರ್ಣಾ ನನ್ನ ಕೈಯಿಂದ ಫೋನು ತೆಗೆದುಕೊಂಡು ಮ್ಯಾಪ್ ತೆರೆದಳು. ಎರಡು ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು. ಪಾಪ, ಒಳ್ಳೆಯ ಹುಡುಗಿ, ದನಿ ಏರಿಸಲಿಲ್ಲ.

"ಅತ್ತೀ, ಪಿನ್ ಬಾವಿ ಮ್ಯಾಲ ಹಾಕೀರಿ."

"ಮತ್ತ ಎಲ್ಲಿ ಹಾಕಬೇಕಿತ್ತವಾ? ನಮ್ಮ ಬಾವಿ ಅಲ್ಲೇನು ಅದು?"

"ಬಾವಿ ಅವರದಾಗಿ ಎಷ್ಟೋ ವರ್ಷ ಆತಲ್ರಿ," ಎಂದಳು ಸುವರ್ಣಾ. ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೋ ಏನೋ, "ಆ್ಯಪ್ ಏನೂ ತಪ್ಪು ಮಾಡಿಲ್ಲ ನೋಡ್ರಿ" ಎಂದು ಸೇರಿಸಿದಳು. ಸೈನ್ಸ್ ಟೀಚರುಗಳ ಸಮಾಧಾನ ಹೀಗೇ ಇರುತ್ತದೆ. ಆದರೆ ಮಾತು ನಿಜ. ಮ್ಯಾಪು ನಾನು ತೋರಿಸಿದಲ್ಲಿಗೆ ಕರೆತಂದಿತ್ತು. ಚುಕ್ಕಿ ಬಂದಳೆಂದು ಹೇಳಿತ್ತು. ಕಿವಿಯ ಮಷೀನು ಹೇಳಿದಂತೆ ಕೇಳಿತ್ತು. ವಾಚು ಏಳು ಏಳು ಎಂದು ಕೈಹಿಡಿದು ಜಗ್ಗಿತ್ತು. ಮನೆಯೊಳಗೆ ಕೆಟ್ಟುಹೋದ ಯಂತ್ರ ಯಾವುದೆಂದು ಹುಡುಕಲು ಬಹಳ ಕಷ್ಟಪಡಬೇಕಾಗಿರಲಿಲ್ಲ.

ಆ ಸಂಜೆ ನಲಿನಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಮಾಡಿ ಏನೆನ್ನಲಿ? ಮರುದಿನ ಬೆಳಿಗ್ಗೆ ಅವಳೇ ರೈಲಿನಿಂದ ಮಾಡಿದಳು. ಗಾಲಿಗಳ ಸದ್ದು ನೇರ ನನ್ನ ಕಿವಿಯೊಳಗೇ ಓಡುತ್ತಿತ್ತು. ಅವಳು ನನ್ನಿಂದ ದೂರವಾಗುತ್ತಿರುವುದು ಅಷ್ಟು ಸ್ಪಷ್ಟವಾಗಿ ಕೇಳುವಂಥ ಮಷೀನು ಅದು, ದುಡ್ಡು ಕೊಟ್ಟದ್ದಕ್ಕೆ ಮೋಸವಿಲ್ಲ.

"ಶಾಲೂ, ಜ್ವರ ಹ್ಯಾಂಗದ ಈಗ?" ಎಂದಳು ನಲಿನಿ.

"ಐ ಬೆಗ್ ಯುವರ್ ಪಾರ್ಡನ್?" ಎಂದೆ. ಕೇಳಿಸದೆ ಅಂದದ್ದಲ್ಲ.

ಆಗ ಅವಳು ಎಲ್ಲ ಹೇಳಿದಳು. ನನ್ನ ಅಕ್ಕ, ಅಂದರೆ ಕಾಶಕ್ಕ, ಅವಳನ್ನು ಕಾರಿನ ಬಾಗಿಲಿನಿಂದಲೇ ಕೈಹಿಡಿದು ಇಳಿಸಿಕೊಂಡರಂತೆ. ಶಾಲೂ ಎಲ್ಲಿ ಎಂದರೆ, ಬಂದೆ ತಡೀರಿ ಎಂದಷ್ಟೇ ಹೇಳಿ ಎಲ್ಲಿಗೋ ಹೋದರಂತೆ. ಸ್ವಲ್ಪ ಹೊತ್ತಿನ ಮೇಲೆ ಬಂದವರ ಮುಖ ಸಣ್ಣದಾಗಿತ್ತಂತೆ. ಬದುವಿನಿಂದ ಗುಡಿಸಲಿಗೆ ನಡೆದು ಬರುವ ಆ ಹತ್ತು ಮಾರಿನಲ್ಲಿ ಕಾಶಕ್ಕ ಏನನ್ನು ಯೋಚಿಸಿದಳೋ ನಾನು ಊಹಿಸಬಲ್ಲೆ. ಪರ ಊರಿನವಳ ಎದುರಿಗೆ ಮನೆಯ ಮಾನ. ಆಕೆ ನಮ್ಮ ಕೂಡ ಮಾತಾಡುವುದಿಲ್ಲ, ನಿಮ್ಮನ್ನು ನೋಡಿಯೂ ಬೆನ್ನು ತಿರುವಿದಳು ಎಂದು ಹೇಗೆ ಹೇಳಿಯಾಳು?

"ನಿಮ್ಮ ಅಕ್ಕ ಅಂದ್ರು," ಎಂದಳು ನಲಿನಿ, "ನಿನ್ನೆಯಿಂದ ಆಕಿ ಮೈ ಕೆಂಡದಂಗ ಸುಡಲಿಕತ್ತದ, ಆದ್ರೂ ನನ್ನ ಗೆಳತಿ ಬರ್ತಾಳ ಅಂತ ಹೊಲಕ್ಕ ಹೊಂಟು ನಿಂತಿದ್ಳು, ನಾನೇ ಬೈದು ಮನ್ಯಾಗ ಮಲಗಿಸಿ ಬಂದೀನಿ, ಆಕಿ ಬದಲಿಗೆ ನಾನೇ ಉಣಿಸ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ ಅಂತ. ಮನಿಗೆ ಬಂದು ನೋಡಿ ಹೋಗ್ತೀನಿ ಅಂದೆ. ವಯಸ್ಸಾದವರಿಗೆ ಹತ್ತೋ ಜ್ವರ, ನಾಳಿ ರೈಲು ಹತ್ತೋರು ನೀವು, ಬ್ಯಾಡ ಅಂದ್ರು. ನಿನ್ನ ಹೆಸರಿಲೆ ಸೀರಿ ಕೊಟ್ಟು ಬುತ್ತಿ ಕಟ್ಟಿ ಕಳಿಸ್ಯಾರ. ಯೂ ಆರ್ ಸೋ ಲಕ್ಕಿ, ಶಾಲೂ. ಇಂಥಾ ಅಕ್ಕ ಯಾರಿಗಿರ್ತಾಳ ಈಗಿನ ಕಾಲದಾಗ?"

ನಿಜ ಹೇಳಬಹುದಿತ್ತು. ನಾನು ಅಲ್ಲೇ ಇದ್ದೆ ನಲಿನಿ, ನಿನ್ನ ಕಾರು ಬಂದದ್ದು ನೋಡಿದೆ, ಕಿವಿ ಮುಚ್ಚಿಕೊಂಡು ಬೆನ್ನು ತಿರುಗಿಸಿ ಕೂತೆ, ಫೋಟೋದಲ್ಲಿ ಹಿಂದೆ ಕಾಣುವ ಆ ಬೆನ್ನು ನನ್ನದೇ ಎನ್ನಬಹುದಿತ್ತು. ಅವಳು ಜಮ್‌ಶೆಡ್‌ಪುರಕ್ಕೆ ನನ್ನಿಂದ ಒಯ್ಯುತ್ತಿರುವುದು ಇನ್ನೇನೂ ಇರಲಿಲ್ಲ, ಆ ಜ್ವರವೊಂದೇ. ನನ್ನ ಹೊಲ, ನನ್ನ ಭಜ್ಜಿ, ನನ್ನ ಮುಖ ಯಾವುದನ್ನೂ ಕಾಣದೆ ಹೋದವಳು, ಜ್ವರದಲ್ಲೂ ತನಗಾಗಿ ಎದ್ದು ನಿಂತ ಗೆಳತಿಯೊಬ್ಬಳನ್ನು ಮಾತ್ರ ಕಟ್ಟಿಕೊಂಡು ಹೋಗುತ್ತಿದ್ದಳು. ಅಂಥ ಗೆಳತಿಯನ್ನು ಕಾಶಕ್ಕ ಬದುವಿನ ಮೇಲೆ ನಿಂತ ನಿಲುವಿನಲ್ಲೇ ಹುಟ್ಟಿಸಿದ್ದಳು. ನನಗಿಂತ ಆ ಗೆಳತಿಯೇ ಎಷ್ಟೋ ಮೇಲಾಗಿದ್ದಳು.

"ಮಚ್ ಬೆಟರ್, ಥ್ಯಾಂಕ್ ಯೂ," ಎಂದೆ. ಅಕ್ಕನ ಮಾತು ಸುಳ್ಳಾಗಬಾರದಲ್ಲ ಎಂದು ಫೋನು ಇಡುವ ಮೊದಲು ಒಂದೆರಡು ಸಲ ಕೆಮ್ಮಿದೆ.